ಗೆಡ್ ಮೇಕೆ ಕಾಯಲು ಹೋದ ಮೇಲೆ

ಉರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಸರಣಿಯ ಮೊದಲ ಪುಸ್ತಕದ ಆರಂಭದಲ್ಲೇ ಗಾಂಟ್ ದ್ವೀಪದ ಎರಡು ಗಾದೆಗಳು ಬರುತ್ತವೆ. ಹೆಂಗಸರ ಮಾಟಕ್ಕೆ ಬಲವಿಲ್ಲ ಎನ್ನುವುದು ಒಂದು, ಹೆಂಗಸರ ಮಾಟ ಕೆಟ್ಟದ್ದು ಎನ್ನುವುದು ಇನ್ನೊಂದು. ಎರಡೂ ಏಕಕಾಲಕ್ಕೆ ಹೇಗೆ ನಿಜವಾಗುತ್ತವೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಮೇಕೆ ಕಾಯುತ್ತಿದ್ದ ಹುಡುಗ ಗೆಡ್‌ಗೆ ಮೊದಲ ಮಂತ್ರ ಕಲಿಸಿದವಳು ಅವನ ತೀರಿಹೋದ ತಾಯಿಯ ಒಡಹುಟ್ಟಿದವಳು, ಊರಿನ ಮಾಟಗಾತಿ. ಗಾದೆಗಳು ಅವಳಂಥವರ ಕುರಿತೇ. 1968ರ ಆ ಪುಸ್ತಕ ಅವುಗಳನ್ನು ಹೇಳಿ ಮುಗಿಸಿ, ಹುಡುಗನನ್ನು ರೋಕ್ ದ್ವೀಪದ ಮಾಂತ್ರಿಕರ ಶಾಲೆಗೆ ಕಳುಹಿಸುವ ದಾರಿ ಹಿಡಿಯುತ್ತದೆ. ಆ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ. 1990ರಲ್ಲಿ ಅದೇ ಲೇಖಕಿ ಆ ಎರಡು ಗಾದೆಗಳ ಎದುರು ನಿಂತು ಒಂದು ಇಡೀ ಕಾದಂಬರಿ ಬರೆದರು.

ನಾವು ಮೆಚ್ಚಿದ ಸರಣಿಗಳು ಸಾಮಾನ್ಯವಾಗಿ ಬದಲಾಗುವುದು ಬೇರೆ ಬಗೆಯಲ್ಲಿ. ಸಂಪುಟ ಕಳೆದಂತೆ ಪುಟ ಹೆಚ್ಚುತ್ತದೆ, ಪಾತ್ರ ಹೆಚ್ಚುತ್ತದೆ, ಯುದ್ಧ ಹೆಚ್ಚುತ್ತದೆ. ಕೆಲವೊಮ್ಮೆ ಬರೆಯುವ ಕೈಯೇ ಬದಲಾಗುತ್ತದೆ. ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡ ಮೇಲೆ ಅವರ ಮಹಾಸರಣಿಯನ್ನು ಬ್ರಾಂಡನ್ ಸ್ಯಾಂಡರ್ಸನ್ ಮುಗಿಸಿದರು. ಅರ್ಥ್‌ಸೀಯಲ್ಲಿ ಕೈ ಅದೇ, ದ್ವೀಪಗಳು ಅವೇ, ನಕ್ಷೆಯೂ ಅದೇ. ಆ ಲೋಕ ನ್ಯಾಯವಾಗಿದೆ ಎಂದು ಕಟ್ಟಿದವರಿಗೇ ಇದ್ದ ನಂಬಿಕೆ ಹೋಯಿತು. ಇಂಥ ಬದಲಾವಣೆ ಅಪರೂಪ. ಓದುಗರಿಗೆ ಇದರ ವೆಚ್ಚವೂ ಹೆಚ್ಚು. ಏಕೆಂದರೆ ಮುಂದಿನ ಪುಸ್ತಕ ತನ್ನ ಪಾಡಿಗೆ ತಾನಿರದೆ ಹಿಂದಿನ ಪುಸ್ತಕದೊಳಗೂ ಕೈ ಹಾಕುತ್ತದೆ.

ನಮ್ಮ ಮನೆಗೆ ಅರ್ಥ್‌ಸೀ ಬಂದದ್ದು ಚಿಕ್ಕಪ್ಪನ ಪೆಟ್ಟಿಗೆಯಲ್ಲಿ. ಅವರು ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದವರು. ಯಾವುದೋ ಬಂದರಿನಲ್ಲಿ ಯಾರೋ ಬಿಟ್ಟುಹೋದ, ಮೂರು ಕಾದಂಬರಿಗಳನ್ನು ಒಂದೇ ರಟ್ಟಿನೊಳಗೆ ಸೇರಿಸಿದ್ದ ದಪ್ಪ ಪುಸ್ತಕವದು. ಅವರು ಅದನ್ನು ತೆರೆದೂ ನೋಡಿರಲಿಲ್ಲ. ನಾನು ತೆರೆದೆ, ಮೊದಲು ಸಿಕ್ಕಿದ್ದು ದ್ವೀಪಗಳ ನಕ್ಷೆ. ಕಾರವಾರದ ಹುಡುಗಿಗೆ ಅದಕ್ಕಿಂತ ಹೆಚ್ಚಿನ ಆಮಿಷ ಬೇಕೇ? ನಮ್ಮ ಕಡಲತೀರದಲ್ಲಿ ನಿಂತರೆ ಕೂರ್ಮಗಡ ಕಾಣುತ್ತದೆ, ಸಂಜೆಯಾದರೆ ದೇವಗಡದ ದೀಪಸ್ತಂಭ ಮಿನುಗುತ್ತದೆ, ದಕ್ಷಿಣಕ್ಕೆ ಅಂಜದೀವ್ ಇದೆ. ಪುಷ್ಯ ಹುಣ್ಣಿಮೆಯ ನರಸಿಂಹ ಜಾತ್ರೆಗೆ ದೋಣಿಯಲ್ಲಿ ಕೂರ್ಮಗಡಕ್ಕೆ ಹೋಗುವುದೇ ನಮ್ಮ ಪಾಲಿನ ಸಮುದ್ರಯಾನ. ಅದರ ಮೇಲೆ ಗೆಡ್‌ನದು ತಾಮ್ರದ ಛಾಯೆಯ ಕಂದು ಮೈಬಣ್ಣ; ಅವನ ಆಪ್ತಮಿತ್ರ ವೆಚ್ ಇನ್ನೂ ಕಪ್ಪು. ಇಂಗ್ಲಿಷ್ ಪುಸ್ತಕದ ನಾಯಕನೊಬ್ಬ ನಮ್ಮ ಹಾಗಿರಬಹುದು ಎಂಬುದು ಆಗ ನನಗೆ ಸಣ್ಣ ಸಂಗತಿಯಾಗಿರಲಿಲ್ಲ. 2004ರಲ್ಲಿ ಅಮೆರಿಕದ ದೂರದರ್ಶನ ವಾಹಿನಿಯೊಂದು ಅವನನ್ನು ಬಿಳಿಯನನ್ನಾಗಿ ಮಾಡಿ ತೋರಿಸಿದಾಗ ಲೆ ಗ್ವಿನ್ ಬಹಿರಂಗವಾಗಿಯೇ ಸಿಟ್ಟಾದರು.

(ಅಂಜದೀವ್ ಬಗ್ಗೆ ಒಂದು ಮಾತು. ಆಡಳಿತದ ಲೆಕ್ಕದಲ್ಲಿ ಅದು ಗೋವೆಯದು, ಕಣ್ಣಿನ ಲೆಕ್ಕದಲ್ಲಿ ನಮ್ಮದು. ನೌಕಾನೆಲೆ ಬಂದ ಮೇಲೆ ದಡದಿಂದ ಕಲ್ಲಿನ ತಡೆಗೋಡೆ ಚಾಚಿ ಅದನ್ನು ಮುಟ್ಟಿದೆ. ಶಾಲೆಯ ಪಾಠದಲ್ಲಿ ದ್ವೀಪವೆಂದರೆ ನಾಲ್ಕೂ ಕಡೆ ನೀರಿರುವ ಭೂಮಿ ಎಂದು ಉರುಹೊಡೆದಿದ್ದೆವು.)

ಮೊದಲ ಮೂರು ಪುಸ್ತಕಗಳ ಕಥೆಯನ್ನು ಇಲ್ಲಿ ವಿವರವಾಗಿ ಹೇಳಬೇಕಾಗಿಲ್ಲ. ಮೊದಲನೆಯದರಲ್ಲಿ ಗೆಡ್ ಅಹಂಕಾರದಿಂದ ತಾನೇ ಎಬ್ಬಿಸಿದ ನೆರಳನ್ನು ಕಡಲಾಚೆಯವರೆಗೆ ಬೆನ್ನಟ್ಟಿ ಅದಕ್ಕೆ ತನ್ನದೇ ಹೆಸರು ಹಿಡಿದು ಕರೆಯುತ್ತಾನೆ. 1971ರ ಎರಡನೆಯದರಲ್ಲಿ, ಕಾರ್ಗಾಡ್ ಸಾಮ್ರಾಜ್ಯದ ಅಟುವಾನ್‌ನಲ್ಲಿ ಎಳವೆಯಲ್ಲೇ ಪೂಜಾರಿಣಿಯಾಗಿ ಒಪ್ಪಿಸಲ್ಪಟ್ಟ ಟೆನಾರ್ ಇದ್ದಾಳೆ. ಅವಳು ಗೆಡ್‌ನ ಪ್ರಾಣ ಉಳಿಸುತ್ತಾಳೆ, ಅವನು ಅವಳ ಹೆಸರನ್ನು ಅವಳಿಗೆ ಮರಳಿಸುತ್ತಾನೆ. 1972ರ ಮೂರನೆಯದರಲ್ಲಿ ಗೆಡ್ ಮಹಾಮಾಂತ್ರಿಕ. ರಾಜಕುಮಾರ ಅರೆನ್‌ನನ್ನು ಕರೆದುಕೊಂಡು ಸತ್ತವರ ನಾಡಿಗೇ ಹೋಗಿ, ಅಲ್ಲಿ ಒಬ್ಬ ತೆರೆದಿಟ್ಟಿದ್ದ ಬಾಗಿಲನ್ನು ಮುಚ್ಚಲು ತನ್ನ ಶಕ್ತಿಯನ್ನೆಲ್ಲ ಸುರಿದು ಬರಿದಾಗುತ್ತಾನೆ.

ಆ ಸತ್ತವರ ನಾಡಿನ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಇಳಿಜಾರಿನಲ್ಲಿ ಒಂದು ತಗ್ಗಿನ ಕಲ್ಲುಗೋಡೆ. ಅದರಾಚೆ ಗಾಳಿಯಿಲ್ಲ, ನಕ್ಷತ್ರಗಳು ಕದಲುವುದಿಲ್ಲ. ಬೀದಿಗಳಿವೆ, ಮನೆಗಳಿವೆ, ಒಲೆ ಉರಿಯುವುದಿಲ್ಲ. ಒಬ್ಬರನ್ನೊಬ್ಬರು ಪ್ರೀತಿಸಿ ಸತ್ತವರು ಅಲ್ಲಿ ಎದುರುಬದುರಾದರೂ ಗುರುತು ಹಿಡಿಯದೆ ಸಾಗುತ್ತಾರೆ. ಹದಿಹರೆಯದಲ್ಲಿ ಇದನ್ನು ಓದಿ ನಾನು ಬೆಚ್ಚಿದ್ದೆ. ನಮ್ಮ ಮನೆಯಲ್ಲಿ ಸತ್ತವರೊಡನೆ ವ್ಯವಹಾರ ಅಷ್ಟು ಸುಲಭವಾಗಿ ಮುಗಿಯುತ್ತಿರಲಿಲ್ಲ. ಅಜ್ಜ ತೀರಿಕೊಂಡಾಗ ಹತ್ತನೆಯ ದಿನ ಪಿಂಡಕ್ಕೆ ಕಾಗೆ ಬೇಗ ಬಾಯಿ ಹಾಕಲಿಲ್ಲ. ಅಜ್ಜಿ ಹೊರಗೆ ಬಂದು, ತೋಟದ ವ್ಯಾಜ್ಯದ ಚಿಂತೆ ಬಿಡಿ, ಅದನ್ನು ಮಕ್ಕಳು ನೋಡಿಕೊಳ್ಳುತ್ತಾರೆ ಎಂದು ಕಾಗೆಯತ್ತ ನೋಡಿ ಗಟ್ಟಿಯಾಗಿ ಹೇಳಿದಳು. ಕಾಗೆ ಬಂತು. ಹಾಗಿರುವಾಗ, ಹೇಳಿದರೂ ಕೇಳಿಸಿಕೊಳ್ಳದ, ಏನನ್ನೂ ಬೇಡದ ಲೆ ಗ್ವಿನ್ ಅವರ ಸತ್ತವರು ನನಗೆ ಯಾವ ದೆವ್ವದ ಕಥೆಗಿಂತಲೂ ಭಯಾನಕವಾಗಿ ಕಂಡರು. ಆ ಭಯ ನನಗೆ ಪ್ರಿಯವೂ ಆಗಿತ್ತು.

ಮೂರನೆಯ ಪುಸ್ತಕ ಗೆಡ್‌ನ ಕೊನೆಯನ್ನು ಎರಡು ಬಗೆಯಲ್ಲಿ ಹೇಳಿ ಮುಗಿಯುತ್ತದೆ. ಅವನು ಅರಸನಾದ ಅರೆನ್‌ನ ಪಟ್ಟಾಭಿಷೇಕಕ್ಕೆ ಬಂದು, ಆಮೇಲೆ ತನ್ನ ದೋಣಿಯಲ್ಲಿ ಒಬ್ಬನೇ ಪಡುವಣಕ್ಕೆ ಹೊರಟುಹೋದ ಎನ್ನುತ್ತದೆ ಹಾಡು. ಅಲ್ಲ, ಅರಸನೇ ಹುಡುಕಿಕೊಂಡು ಬಂದ, ಗೆಡ್ ಬೆಟ್ಟದ ಕಾಡಿನಲ್ಲಿ ನಡೆಯುತ್ತಿದ್ದ, ಅರಸ ಅವನನ್ನು ಅವನ ಪಾಡಿಗೆ ಬಿಟ್ಟ ಎನ್ನುತ್ತಾರೆ ಗಾಂಟ್‌ನವರು. ಎರಡೂ ಚೆಂದ. ಹದಿನೆಂಟು ವರ್ಷ ಕಳೆದು ಬಂದ ‘ತೆಹಾನು’ ನಿಜವಾಗಿ ನಡೆದದ್ದೇನು ಎಂದು ಹೇಳುತ್ತದೆ. ಗೆಡ್ ಪ್ರಜ್ಞೆಯಿಲ್ಲದೆ ಡ್ರ್ಯಾಗನ್ನಿನ ಬೆನ್ನ ಮೇಲೆ ಊರಿಗೆ ಬಂದು ಬಿದ್ದ. ಟೆನಾರ್ ಅವನ ಶುಶ್ರೂಷೆ ಮಾಡಿದಳು. ಅರಸನ ಕಡೆಯವರು ಕರೆಯಲು ಬಂದಾಗ ಅವನು ಮುಖ ತೋರಿಸಲಾರದೆ ಅಡಗಿಕೊಂಡ, ಬೆಟ್ಟ ಹತ್ತಿ ಯಾರದೋ ಮೇಕೆ ಕಾಯತೊಡಗಿದ.

ಇಪ್ಪತ್ತರ ಆಸುಪಾಸಿನಲ್ಲಿ ಈ ನಾಲ್ಕನೆಯ ಪುಸ್ತಕ ಸಿಕ್ಕಾಗ ನಾನು ಅರ್ಧಕ್ಕೇ ಬಿಟ್ಟೆ. ಹಡಗಿಲ್ಲ, ದ್ವೀಪದಿಂದ ದ್ವೀಪಕ್ಕೆ ಅಲೆದಾಟವಿಲ್ಲ. ನಡುವಯಸ್ಸಿನ ವಿಧವೆಯಾದ ಟೆನಾರ್ ಪಾತ್ರೆ ತೊಳೆಯುತ್ತಾಳೆ, ಬೀನ್ಸ್ ಬಿಡಿಸುತ್ತಾಳೆ, ಹೆತ್ತವರ ಕಡೆಯವರೇ ಬೆಂಕಿಗೆ ನೂಕಿ ಅರ್ಧ ಸುಟ್ಟುಹೋದ ಥೆರ್ರು ಎಂಬ ಮಗುವನ್ನು ಸಾಕುತ್ತಾಳೆ. ಗೆಡ್ ಪುಟಗಟ್ಟಲೆ ನಾಚಿಕೆಯಿಂದ ಕುಗ್ಗಿ ಕೂರುತ್ತಾನೆ. ಮಹಾಮಾಂತ್ರಿಕನಿಗೆ ನಾಚಿಕೆಯೇ! ನನ್ನ ಆ ಬೇಸರ ಪ್ರಾಮಾಣಿಕವಾದದ್ದು, ಅದರ ಪರವಾಗಿ ಈಗಲೂ ಒಂದೆರಡು ಮಾತು ಹೇಳಬಲ್ಲೆ. ಆದರೆ ಪುಸ್ತಕ ಮತ್ತೆ ಕೈಗೆ ಬಂದದ್ದು ಚಿಕ್ಕಪ್ಪ ಹಡಗು ಬಿಟ್ಟು ಮನೆಗೆ ಬಂದ ಮೇಲೆ.

ಸಾವಿರಾರು ಟನ್ ಹಡಗನ್ನು ಓಡಿಸುವ ಎಂಜಿನ್ನುಗಳ ಒಡನಾಟದಲ್ಲಿ ಬದುಕಿದವರು. ಮನೆಯಲ್ಲಿ ಅವರಿಗೆ ಕುಕ್ಕರಿನ ಗ್ಯಾಸ್ಕೆಟ್ ಬದಲಿಸುವುದೊಂದೇ ಕೆಲಸ. ನಿವೃತ್ತಿಯ ಮೊದಲ ಮಳೆಗಾಲದಲ್ಲಿ ಅವರ ಕೈಕೆಳಗೆ ದುಡಿದ ಇಬ್ಬರು ಯುವಕರು ಗೋವೆಯಿಂದ ಸಿಹಿ ಹಿಡಿದುಕೊಂಡು ನೋಡಲು ಬಂದರು. ಚಿಕ್ಕಪ್ಪ ಹಿತ್ತಿಲ ಬಾಗಿಲಿನಿಂದ ತೆಂಗಿನ ತೋಟಕ್ಕೆ ಹೋದವರು, ಆ ಹುಡುಗರು ಚಹಾ ಕುಡಿದು, ಕಾದು, ಎದ್ದು ಹೋಗುವವರೆಗೂ ಬರಲಿಲ್ಲ. ಚಿಕ್ಕಮ್ಮ ಏನೇನೋ ನೆಪ ಹೇಳಿದಳು. ಆ ರಾತ್ರಿ ‘ತೆಹಾನು’ ಹುಡುಕಿ ತೆಗೆದು, ಅರಸನ ಹಡಗು ಬರುವ ಅಧ್ಯಾಯ ಓದಿದೆ. ಇಲ್ಲಿ ಲೆ ಗ್ವಿನ್ ಗಂಡಸನ್ನು ಗೇಲಿ ಮಾಡುವುದಿಲ್ಲ, ಅವನ ಪರವಾಗಿ ಅಳುವುದೂ ಇಲ್ಲ. ಶಕ್ತಿ ಹೋದ ಮೇಲೆ ಉಳಿಯುವ ಮನುಷ್ಯನಿಗೆ ಮಾಡಲು ಏನಿದೆ ಎಂದು ಕೇಳುತ್ತಾರೆ. ಟೆನಾರ್‌ಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಾಣುತ್ತದೆ, ಏಕೆಂದರೆ ಅವಳಿಗೆ ಮಾಡುವುದು ಯಾವತ್ತೂ ಇದ್ದೇ ಇದೆ.

ಮೊದಲ ಪುಸ್ತಕದಲ್ಲೂ ಅಡುಗೆಮನೆ ಇಲ್ಲದಿಲ್ಲ. ‘ಯಾರೋ’ ಎಂಬ ಹೆಸರಿನ ವೆಚ್‌ನ ತಂಗಿ ಒಲೆಯ ಬಳಿ ಕೂತು, ಮಂತ್ರದಿಂದ ಊಟ ಸೃಷ್ಟಿಸಲು ಏಕೆ ಬರುವುದಿಲ್ಲ ಎಂದು ಕೇಳುತ್ತಾಳೆ. ಇಡೀ ಪುಸ್ತಕದ ಅತ್ಯಂತ ಬುದ್ಧಿವಂತ ಪ್ರಶ್ನೆಗಳಲ್ಲಿ ಅದೊಂದು. ಕೆಲವು ಪುಟಗಳಾದ ಮೇಲೆ ಗಂಡಸರಿಬ್ಬರೂ ದೋಣಿ ಹತ್ತುತ್ತಾರೆ, ಅವಳು ಅಲ್ಲೇ ಉಳಿಯುತ್ತಾಳೆ. ನಾಲ್ಕನೆಯ ಪುಸ್ತಕವೆಂದರೆ, ದೋಣಿಯನ್ನು ಹೋಗಲು ಬಿಟ್ಟು ಆ ತಂಗಿಯ ಜೊತೆ ಒಲೆಯ ಬಳಿ ಉಳಿಯುವ ಪುಸ್ತಕ. ಊರಿನ ಮಾಟಗಾತಿ ಮಾಸ್ ಅಲ್ಲಿ ಕೊಳಕಾಗಿ, ವಾಸನೆ ಹೊಡೆಯುತ್ತ, ಬಾಯಿಬಡುಕಿಯಾಗಿ ಪೂರ್ಣ ಮನುಷ್ಯಳಾಗಿದ್ದಾಳೆ. ನಮ್ಮಲ್ಲಿ ಶಾಂತಿ ಹೋಮಗಳಿಗೆ ಗೋಕರ್ಣದಿಂದ ಪುರೋಹಿತರು ಬರುತ್ತಾರೆ, ಪಂಕ್ತಿ ಊಟ ಆಗುತ್ತದೆ, ದಕ್ಷಿಣೆ ಸಲ್ಲುತ್ತದೆ. ಮಗು ರಾತ್ರಿಯಿಡೀ ಅತ್ತರೆ ಮಾತ್ರ ಮೀನು ಮಾರಿ ವಾಪಸಾಗುವ ಅಜ್ಜಿಯನ್ನು ಅಂಗಳದಲ್ಲಿ ನಿಲ್ಲಿಸಿ, ಉಪ್ಪು ಮೆಣಸು ನಿವಾಳಿಸಿ ದೃಷ್ಟಿ ತೆಗೆಸುತ್ತಾರೆ. ಅವಳ ಕೈಗೆ ಸಿಗುವುದು ಒಂದು ತೆಂಗಿನಕಾಯಿ, ಅದೂ ಕೇಳಿದರೆ. ಗಾಂಟ್‌ನ ಆ ಎರಡು ಗಾದೆಗಳು ನಮ್ಮ ಅಂಗಳದಲ್ಲೂ ಇದ್ದವು, ಬಾಯಿಬಿಟ್ಟು ಹೇಳುವ ಅಗತ್ಯ ಮಾತ್ರ ಬಿದ್ದಿರಲಿಲ್ಲ.

ಟೆನಾರ್‌ಳ ಹೆಸರುಗಳ ವಿಷಯ ನನ್ನನ್ನು ಇನ್ನೂ ಹತ್ತಿರದಿಂದ ತಟ್ಟಿತು. ಅಟುವಾನ್‌ನಲ್ಲಿ ಅವಳು ಅರ್ಹಾ, ಅಂದರೆ ದೇವರುಗಳು ತಿಂದುಹಾಕಿದವಳು. ಗಾಂಟ್‌ನಲ್ಲಿ ಒಕ್ಕಲಿಗ ಫ್ಲಿಂಟ್‌ನ ಹೆಂಡತಿಯಾಗಿ ಗೋಹಾ. ಟೆನಾರ್ ಎಂದು ಬಲ್ಲವರು ಬೆರಳೆಣಿಕೆಯಷ್ಟು ಜನ. ನಮ್ಮ ಕೊಂಕಣಿ ಮನೆಗಳಲ್ಲಿ ಮದುವೆಯ ದಿನ ಗಂಡು ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುವ ಪದ್ಧತಿ ಇತ್ತು. ಆಯಿಗೂ, ಅಂದರೆ ನನ್ನ ತಾಯಿಗೂ, ಹಾಗೆ ಒಂದು ಹೆಸರು ಬಂತು. ಅಂಕೋಲೆಯ ತವರಿಗೆ ಹೋದಾಗ ಬಾವಿಕಟ್ಟೆಯಿಂದ ಯಾರೋ ಹಳೆಯ ಹೆಸರಿನಿಂದ ಕೂಗಿದರೆ ಅವಳು ತಿರುಗುವ ರಭಸವೇ ಬೇರೆ ಇತ್ತು. ಅರ್ಥ್‌ಸೀಯ ಮಾಂತ್ರಿಕರು ನಿಜನಾಮವನ್ನು ಮುಚ್ಚಿಡುವುದು ಶತ್ರುಗಳ ಕೈಗೆ ಸಿಗಬಾರದೆಂದು. ಆಯಿಯ ಹೆಸರನ್ನು ಯಾರೂ ಕದಿಯಲಿಲ್ಲ, ಕೇಳುವವರೇ ಇರಲಿಲ್ಲ ಅಷ್ಟೆ. ಈ ಎರಡನೆಯ ಬಗೆಯ ಮರೆಯನ್ನು ಬರೆಯಲು ಲೆ ಗ್ವಿನ್ ಅವರಿಗೆ ನಾಲ್ಕನೆಯ ಪುಸ್ತಕದವರೆಗೆ ಕಾಯಬೇಕಾಯಿತು. ವೀರಗಾಥೆಯ ಪರಂಪರೆ ಗಂಡಸರದ್ದು, ತಾನೂ ಅದರೊಳಗೇ ನಿಂತು ಮೊದಲ ಪುಸ್ತಕಗಳನ್ನು ಬರೆದೆ ಎಂಬ ಅರ್ಥದ ಮಾತನ್ನು ಅವರು 1992ರಲ್ಲಿ ಆಕ್ಸ್‌ಫರ್ಡ್‌ನ ಉಪನ್ಯಾಸದಲ್ಲಿ ನೇರವಾಗಿ ಹೇಳಿದರು.

ಈಗ ನನ್ನ ತಕರಾರು. ‘ತೆಹಾನು’ವಿನ ಕೊನೆಯಲ್ಲಿ ಟೆನಾರ್ ಮತ್ತು ಗೆಡ್ ದುಷ್ಟ ಮಾಂತ್ರಿಕನೊಬ್ಬನ ವಶವಾಗಿ ಬಂಡೆಯ ಅಂಚಿನವರೆಗೆ ನಡೆಯುತ್ತಾರೆ. ಆಗ ಸುಟ್ಟ ಮಗು ಕರೆಯುತ್ತದೆ, ಡ್ರ್ಯಾಗನ್ ಬಂದು ಮಾಂತ್ರಿಕನನ್ನು ಭಸ್ಮ ಮಾಡುತ್ತದೆ. ಅಷ್ಟೂ ಪುಟ ನಿಧಾನವಾಗಿ, ಯಾವ ಪವಾಡವೂ ಇಲ್ಲದೆ ಬದುಕುವುದು ಹೇಗೆಂದು ತೋರಿಸಿದ ಪುಸ್ತಕಕ್ಕೆ ಇದ್ದಕ್ಕಿದ್ದಂತೆ ಪವಾಡ ಏಕೆ ಬೇಕಾಯಿತು? ಮಗು ಯಾರೆಂಬ ಸುಳಿವು ಮೊದಲೇ ಇದೆ, ಒಪ್ಪುತ್ತೇನೆ. ಆದರೂ ಆ ಕೊನೆಯ ಅಧ್ಯಾಯದ ಅವಸರ ನನಗೆ ಸೇರುವುದಿಲ್ಲ.

ಅದನ್ನು ಸರಣಿಯ ಕೊನೆಯ ಪುಸ್ತಕ ಎಂದೇ ಹೊರತಂದಿದ್ದರು. ಹಾಗಾಗಲಿಲ್ಲ. 2001ರಲ್ಲಿ ಒಂದು ಕಥಾಸಂಕಲನವೂ ‘ದಿ ಅದರ್ ವಿಂಡ್’ ಎಂಬ ಕಾದಂಬರಿಯೂ ಬಂದವು. ಸಂಕಲನದ ಮೊದಲ ದೊಡ್ಡ ಕಥೆಯ ಪ್ರಕಾರ ರೋಕ್‌ನ ಶಾಲೆಯನ್ನು ಕಟ್ಟಿದವರಲ್ಲಿ ಹೆಂಗಸರೂ ಇದ್ದರು, ಹೊರಗಿಟ್ಟದ್ದು ಆಮೇಲಿನವರು. ಕಾದಂಬರಿ ಇನ್ನೂ ದೂರ ಹೋಗುತ್ತದೆ. ನನ್ನನ್ನು ಹೆದರಿಸಿದ್ದ ಆ ಸತ್ತವರ ನಾಡು ಸೃಷ್ಟಿನಿಯಮವೇ ಅಲ್ಲವಂತೆ. ಸಾವನ್ನು ಗೆಲ್ಲುವ ಆಸೆಯಿಂದ ಪ್ರಾಚೀನ ಮಾಂತ್ರಿಕರು ಡ್ರ್ಯಾಗನ್ನುಗಳ ಪಾಲಿನ ಭೂಮಿಯನ್ನು ಕದ್ದು ಗೋಡೆ ಹಾಕಿದ್ದರ ಫಲವಂತೆ. ಕಾರ್ಗಾಡ್‌ನವರು ಸತ್ತ ಮೇಲೆ ಅಲ್ಲಿಗೆ ಹೋಗುವುದೇ ಇಲ್ಲ. ಅವರು ಮತ್ತೆ ಹುಟ್ಟುತ್ತಾರೆ.

ಇಲ್ಲಿ ನಾನು ಜೋರಾಗಿ ನಕ್ಕೆ. ಮೊದಲ ಪುಸ್ತಕದಿಂದಲೂ ಕಾರ್ಗಾಡ್‌ನವರೆಂದರೆ ಅನಾಗರಿಕರು, ಮಂತ್ರವಿದ್ಯೆ ಅರಿಯದ ದಾಳಿಕೋರರು. ರೋಕ್‌ನ ಪಂಡಿತರ ಜೊತೆ ನಿಂತು ನಾನೂ ಅವರನ್ನು ಹಾಗೇ ನೋಡಿದ್ದೆ. ಕೊನೆಗೆ ನೋಡಿದರೆ ಆ ಅನಾಗರಿಕರು ಕಾಗೆಯೊಡನೆ ಮಾತನಾಡಿದ ನನ್ನ ಅಜ್ಜಿಯ ಕಡೆಯವರು!

ನಕ್ಕ ಮೇಲೆ ಕಸಿವಿಸಿಯೂ ಆಯಿತು. ಗೋಡೆಯನ್ನು ಕೆಡವುವುದರಲ್ಲಿ ಮುಂದಾಗುವವನು ಒಡೆದ ಮಡಕೆ ಜೋಡಿಸುವ ಆಲ್ಡರ್ ಎಂಬುದು ಅದ್ಭುತ ಯೋಚನೆ, ನಿಜ. ಆದರೆ ಮೂರನೆಯ ಪುಸ್ತಕದಲ್ಲಿ ಗೆಡ್ ತನ್ನೆಲ್ಲವನ್ನೂ ಕೊಟ್ಟು ಮುಚ್ಚಿದ ಆ ಬಾಗಿಲಿನ ಗತಿಯೇನು? ಇರಲೇಬಾರದಿದ್ದ ಮನೆಗೆ ಅವನು ಕದ ಹಾಕಿ ಬಂದ ಎಂದಾಯಿತಲ್ಲ. ಈಗ ಮೂರನೆಯದನ್ನು ಓದುವಾಗ ಈ ಅರಿವನ್ನು ಪಕ್ಕಕ್ಕಿಡಲು ಆಗುವುದಿಲ್ಲ. ವಿವರಣೆ ಸಿಕ್ಕ ಕೂಡಲೇ ಭಯ ಹೋಯಿತು; ಕದಲದ ನಕ್ಷತ್ರಗಳು ಯಾರೋ ಮಾಡಿದ ತಪ್ಪಿನ ಲಕ್ಷಣವಾಗಿಬಿಟ್ಟವು.

ಹೊನ್ನಾವರ, ಸಿದ್ದಾಪುರಗಳ ಕಡೆ ತಾಳಮದ್ದಲೆ ಕೇಳುವವರಿಗೆ ಇದರಲ್ಲಿ ಆಶ್ಚರ್ಯವೇನಿದೆ ಎನಿಸಬಹುದು. ವಾಲಿವಧೆಯ ಪದ್ಯಗಳು ಬದಲಾಗುವುದಿಲ್ಲ. ನಿನ್ನೆ ರಾಮನ ಅರ್ಥ ಹೇಳಿ ಬಾಣವನ್ನು ಸಮರ್ಥಿಸಿದವರೇ ಇಂದು ವಾಲಿಯಾಗಿ ಕೂತು ಅದೇ ರಾಮನ ಬಾಯಿ ಕಟ್ಟಿಸುತ್ತಾರೆ, ಸಭೆ ಎರಡಕ್ಕೂ ತಲೆದೂಗುತ್ತದೆ. ಲೆ ಗ್ವಿನ್ ಮಾಡಿದ್ದೂ ಅದನ್ನೇ ಎಂದು ನನ್ನ ಸಿರ್ಸಿಯ ಗೆಳತಿ ವಾದಿಸುತ್ತಾಳೆ: ಎದುರು ಆಸನದಲ್ಲಿ ಕೂತು ತನಗೆ ತಾನೇ ಉತ್ತರ ಕೊಟ್ಟರು. ಅರ್ಧ ಒಪ್ಪುತ್ತೇನೆ. ಆದರೆ ತಾಳಮದ್ದಲೆಯಲ್ಲಿ ನಾಳೆ ಇನ್ನೊಂದು ಊರಿನಲ್ಲಿ ರಾಮ ಮತ್ತೆ ಗೆಲ್ಲಬಹುದು. ಮುದ್ರಿತ ಸರಣಿಯಲ್ಲಿ ಕೊನೆಗೆ ಮಾತಾಡಿದವರದ್ದೇ ಮೇಲುಗೈ. 1968ರ ಲೇಖಕಿಗೆ 2001ರ ಲೇಖಕಿಯನ್ನು ಎದುರಿಸುವ ಸರದಿ ಬರುವುದಿಲ್ಲ. ಅವಳ ಪರವಾಗಿ ವಾದಿಸಲು ಓದುಗರೇ ಬೇಕು, ಮತ್ತು ನಾನು ಮಧ್ಯವಯಸ್ಸು ದಾಟಿಯೂ ಕೆಲವು ಸಂಜೆ ಅವಳ ಕಡೆಗೇ ಕೂರುತ್ತೇನೆ.

‘ದಿ ಅದರ್ ವಿಂಡ್’ನ ಕೊನೆಯ ಮಾತುಕತೆಯ ಮುಂದೆ ಮಾತ್ರ ನನ್ನ ವಾದ ನಿಲ್ಲುವುದಿಲ್ಲ. ಲೋಕದ ಗೋಡೆ ಬಿದ್ದಿದೆ, ಟೆನಾರ್ ಮನೆಗೆ ಮರಳಿದ್ದಾಳೆ. ನಾನಿಲ್ಲದಾಗ ಏನು ಮಾಡಿದೆ ಎಂದು ಗೆಡ್‌ನನ್ನು ಕೇಳುತ್ತಾಳೆ. ಮನೆ ನೋಡಿಕೊಂಡೆ ಎನ್ನುತ್ತಾನೆ. ಬೇರೆ ಯಾವ ಲೇಖಕರೂ ತಮ್ಮ ಮಹಾಮಾಂತ್ರಿಕನನ್ನು ಇಲ್ಲಿಗೆ ತಂದು ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಚಿಕ್ಕಪ್ಪನಿಗೆ ಆ ಹಂತ ತಲುಪಲು ತುಂಬ ಕಾಲ ಹಿಡಿಯಿತು. ಈಗ ಮನೆಯ ಕೋಕಂ ಒಣಗಿಸುವುದು ಪೂರ್ತಿ ಅವರ ಸುಪರ್ದಿ. ಚಿಕ್ಕಮ್ಮ ಕೈ ಹಾಕಿದರೆ ರೇಗುತ್ತಾರೆ.

ಈ ಬೇಸಿಗೆಯಲ್ಲಿ ತಂಗಿಯ ಮಗಳು ರಜೆಗೆ ಬಂದಾಗ ನನ್ನ ಕಪಾಟಿನಿಂದ ತಾನೇ ಪುಸ್ತಕ ಆರಿಸಿದಳು. ರಕ್ಷಾಪುಟದ ಡ್ರ್ಯಾಗನ್ ಇಷ್ಟವಾಗಿ ನೇರ ‘ತೆಹಾನು’ ಎತ್ತಿಕೊಂಡಳು. ಮೊದಲ ಮೂರನ್ನು ಓದು ಎಂದು ಬೇಡಿಕೊಂಡರೂ ಕೇಳಲಿಲ್ಲ. ಎರಡು ದಿನ ಜಗಲಿಯಲ್ಲಿ ಮಲಗಿ ಓದಿ ಮುಗಿಸಿ ಬಂದಳು.

‘ಮಾವಶಿ, ಈ ಗೆಡ್‌ಗೆ ಅಷ್ಟೊಂದು ದುಃಖ ಏಕೆ? ಅವನಿಗೆ ಮೇಕೆ ಕಾಯುವುದು ಮೊದಲಿಂದ ಬರುತ್ತದಲ್ಲ.’

ಅವನು ಮೊದಲು ಯಾರಾಗಿದ್ದ ಎಂದು ತಿಳಿದರೆ ಹೀಗೆ ಕೇಳುತ್ತಿರಲಿಲ್ಲ ಎಂದೆ. ಮೂರು ಪುಸ್ತಕದ ಕಥೆ ಹೇಳಲು ಶುರುಮಾಡಿದೆ. ನೆರಳು, ಚಕ್ರವ್ಯೂಹದಂಥ ಸುರಂಗಗಳು, ಕಲ್ಲುಗೋಡೆ. ನಡುವೆ ತಡೆದು, ಟೆನಾರ್ ಎಷ್ಟನೆಯ ಪುಸ್ತಕದಲ್ಲಿ ಬರುತ್ತಾಳೆ ಎಂದು ಕೇಳಿದಳು. ಎರಡನೆಯದು ಎಂದೆ. ಹಾಗಾದರೆ ಅದನ್ನು ಕೊಡು, ಮೊದಲನೆಯದನ್ನು ಆಮೇಲೆ ನೋಡೋಣ ಎಂದು ಕೈ ಚಾಚಿದಳು.